ಯಥಾಶಕ್ತಿ ಎಂದರೆ ಎಷ್ಟು?

ಪ್ರಶ್ನೆ: ನನಗೆ ಈಗ 61 ವರ್ಷ. ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷ ಆಯ್ತು, ಬೆಳಿಗ್ಗೆ ರಾತ್ರಿ ಮಾತ್ರೆ ತಗೊಳ್ತೀನಿ. ಮದುವೆಯಾಗಿ ಬಂದಾಗಿನಿಂದ ವರಮಹಾಲಕ್ಷ್ಮಿ ಹಬ್ಬದ ದಿನ ಪೂಜೆ ಮುಗಿಯೋ ತನಕ ನೀರೂ ಮುಟ್ಟಿದವಳಲ್ಲ. ಹೋದ ವರ್ಷ ಪೂಜೆ ಶುರುವಾಗೋ ಹೊತ್ತಿಗೆ ಹನ್ನೊಂದೂವರೆ. ಕಥೆ ಓದ್ತಾ ಇದ್ದಾಗ ಕೈ ನಡುಗಿ, ಮೈಯೆಲ್ಲ ಬೆವರಿ, ಅಲ್ಲೇ ಕುಸಿದೆ. ಮಂಟಪದ ಕಾಲು ತಾಗಿ ಹಣೆಗೆ ನಾಲ್ಕು ಹೊಲಿಗೆ ಬಿತ್ತು. ಆಸ್ಪತ್ರೆಯಲ್ಲಿ ನೋಡಿದಾಗ ಸಕ್ಕರೆ 52ಕ್ಕೆ ಇಳಿದಿತ್ತಂತೆ. ಈ ವರ್ಷ ಮಗ, ಸೊಸೆ "ಉಪವಾಸ ಇರೋದಾದ್ರೆ ಹಬ್ಬಾನೇ ಬೇಡ" ಅಂತಿದ್ದಾರೆ. ನಮ್ಮ ಓರಗಿತ್ತಿ "ಅತ್ತೆ ಎಪ್ಪತ್ತೆಂಟು ವರ್ಷದ ತನಕ ಬಿಡದೆ ಮಾಡಿದ್ರು. ಒಂದು ದಿನ ಹಸಿವು ತಡ್ಕೊಳ್ಳೋಕೆ ಆಗದಷ್ಟು ದೇಹದ ಮೋಹ ಇಟ್ಕೊಂಡ್ರೆ ಹೇಗೆ?" ಅಂತಾರೆ. ಶ್ರಾವಣದಿಂದ ಕಾರ್ತಿಕದ ತನಕ ಒಂದಾದ ಮೇಲೊಂದು ಹಬ್ಬ. ವ್ರತ ಕೆಟ್ಟರೆ ಮನೆಗೆ ಏನಾದರೂ ಆದೀತು ಅನ್ನೋ ಭಯ ಒಂದು ಕಡೆ, ಮತ್ತೆ ಬಿದ್ದರೆ ಅನ್ನೋ ಭಯ ಇನ್ನೊಂದು ಕಡೆ. ದೇಹ ನೋಡಿಕೊಳ್ಳೋದು ಭಕ್ತಿ ಕಡಿಮೆಯಾದದ್ದರ ಲಕ್ಷಣವೇ?

– ಹೆಸರು ಬೇಡವೆಂದ ಓದುಗರು, ಬೆಂಗಳೂರು

ಸಮಾಧಾನ: ತಾಯಿ, ಹಬ್ಬದ ಸಾಲು ಹತ್ತಿರ ಬಂದಾಗಲೆಲ್ಲ ಈ ಧಾಟಿಯ ಪತ್ರಗಳು ಬರುತ್ತವೆ. ಒಬ್ಬರಿಗೆ ರಕ್ತದೊತ್ತಡದ ಮಾತ್ರೆ, ಇನ್ನೊಬ್ಬರಿಗೆ ಮಂಡಿನೋವು, ಮತ್ತೊಬ್ಬರ ಮನೆಯಲ್ಲಿ ಬಸುರಿ ಸೊಸೆ. ಎಲ್ಲರೂ ಕೇಳುವುದು "ಇಷ್ಟು ಮಾಡಿದರೆ ಸಾಕೇ?" ಅಂತ. ನೀವು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ದೇಹ ನೋಡಿಕೊಳ್ಳುವುದೇ ಭಕ್ತಿಯ ಕೊರತೆಯೇ ಎಂದು ಕೇಳಿದ್ದೀರಿ. ಹಾಗಾಗಿ ಉಪವಾಸದ ವಿಧಿಯನ್ನೂ ಹೇಳಬೇಕು, ಅದರ ಹಿಂದಿನ ಧರ್ಮವನ್ನೂ ಹೇಳಬೇಕು.

ಮೊದಲು, ನೀವು ಪ್ರತಿ ವರ್ಷ ಹೇಳುವ ಸಂಕಲ್ಪವನ್ನೇ ನೆನಪು ಮಾಡಿಕೊಳ್ಳಿ. ಕೈಯಲ್ಲಿ ಅಕ್ಷತೆ ಹಿಡಿದು, ಸಂವತ್ಸರ, ಮಾಸ, ತಿಥಿ ಹೇಳಿ, ಸಕುಟುಂಬವಾಗಿ ನಾವು ಕೇಳುವುದು ಏನು? ಕ್ಷೇಮ, ಸ್ಥೈರ್ಯ, ವಿಜಯ, ಆಯುಸ್ಸು, ಆರೋಗ್ಯ, ಐಶ್ವರ್ಯ. ಐಶ್ವರ್ಯಕ್ಕಿಂತ ಮೊದಲು ಆರೋಗ್ಯ ಬರುತ್ತದೆ. ಎಡಗಡೆ ಕೂತು ಆರೋಗ್ಯ ಕೊಡು ಎಂದು ಬೇಡುತ್ತಾ, ಬಲಗಡೆ ಅದೇ ಆರೋಗ್ಯವನ್ನು ನಮ್ಮ ಕೈಯಾರೆ ಕೆಡಿಸಿಕೊಂಡರೆ ಆ ಬೇಡಿಕೆಗೆ ಏನರ್ಥ? ಅದೇ ಸಂಕಲ್ಪದಲ್ಲಿ ಇನ್ನೊಂದು ಪದ ಬರುತ್ತದೆ, ನಾವು ಹೇಳಿಬಿಟ್ಟು ಮರೆಯುವ ಪದ: ಯಥಾಶಕ್ತಿ. ಶಕ್ತಿ ಇದ್ದಷ್ಟು ಪೂಜಿಸುತ್ತೇನೆ ಎಂದು ದೇವರ ಮುಂದೆ ಕೊಡುವ ಮಾತು ಅದು. ನನ್ನ ಇಡೀ ಸಮಾಧಾನ ಈ ಒಂದು ಪದದ ಮೇಲೆ ನಿಂತಿದೆ.

ಶಾಸ್ತ್ರ ಏನು ಹೇಳುತ್ತದೆ?

ಮಾತ್ರೆ, ನೀರು, ಹಾಲು, ಹಣ್ಣು ಇವುಗಳಿಂದ ವ್ರತ ಕೆಡುತ್ತದೆ ಎಂಬ ಭಯ ನಮ್ಮ ಮನೆಗಳಲ್ಲಿ ಬೇರೂರಿದೆ. ಶಾಸ್ತ್ರದಲ್ಲಿ ಇರುವುದು ಬೇರೆ. ವ್ರತವನ್ನು ಕೆಡಿಸದ ಎಂಟು ವಸ್ತುಗಳನ್ನು ಹೇಳುವ ಹಳೆಯ ಮಾತೊಂದು ಮಹಾಭಾರತದಲ್ಲೂ ಬರುತ್ತದೆ, ಧರ್ಮಶಾಸ್ತ್ರದ ನಿಬಂಧಕಾರರೂ ಅದನ್ನು ಎತ್ತಿ ಹೇಳುತ್ತಾರೆ. ನೀರು, ಗೆಡ್ಡೆಗೆಣಸು, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣರ ಕೋರಿಕೆ, ಗುರುವಿನ ಮಾತು, ಕೊನೆಯದಾಗಿ ಔಷಧ. ಔಷಧವನ್ನು ಅಲ್ಲಿ ಹೆಸರಿಟ್ಟೇ ಹೇಳಿದೆ. ಅಂದಮೇಲೆ ವೈದ್ಯರು ಕೊಟ್ಟ ಮಾತ್ರೆಯನ್ನು ದೇವರ ಮನೆಯ ಬಾಗಿಲ ಹಿಂದೆ ನಿಂತು ಕದ್ದು ನುಂಗಬೇಕಾಗಿಲ್ಲ.

ಈಗ ಉಪವಾಸದ ಮಾತು. ನಮ್ಮಲ್ಲಿ ಉಪವಾಸವೆಂದರೆ ಒಂದೇ ಬಗೆ, ಏನೂ ತಿನ್ನದಿರುವುದು, ಅಂದುಕೊಂಡಿದ್ದೇವೆ. ಶಾಸ್ತ್ರದಲ್ಲಿ ಮೆಟ್ಟಿಲುಗಳಿವೆ. ಹಗಲು ಒಂದೇ ಹೊತ್ತು ಊಟ ಮಾಡುವುದು ಏಕಭುಕ್ತ. ಹಗಲು ಬಿಟ್ಟು ರಾತ್ರಿ ಮಾತ್ರ ಉಣ್ಣುವುದು ನಕ್ತ. ಕೇಳದೆ ತಾನಾಗಿ ಬಂದದ್ದನ್ನು ಮಾತ್ರ ಉಣ್ಣುವುದು ಅಯಾಚಿತ. ಆಮೇಲೆ ಪೂರ್ಣ ಉಪವಾಸ. ಏಕಾದಶಿಯಂಥ ಕಟ್ಟುನಿಟ್ಟಿನ ವ್ರತದಲ್ಲೂ ಎಂಟು ವರ್ಷ ದಾಟಿದವರಿಂದ ಎಂಬತ್ತು ತುಂಬದವರವರೆಗೆ ಮಾತ್ರ ನಿಯಮ ಎಂದು ವಯಸ್ಸಿನ ಗಡಿ ಹಾಕಿದ್ದಾರೆ. ಆ ಗಡಿಯೊಳಗೇ ಇದ್ದು ಶಕ್ತಿ ಇಲ್ಲದವರಿಗೆ ನಕ್ತ, ಹವಿಷ್ಯಾನ್ನ, ಹಣ್ಣು, ಎಳ್ಳು, ಹಾಲು, ನೀರು ಹೀಗೆ ಒಂದರ ಮೇಲೊಂದು ಪರ್ಯಾಯ ಕೊಟ್ಟಿದ್ದಾರೆ. ತನ್ನಿಂದ ಆಗದಿದ್ದರೆ ಗಂಡ, ಹೆಂಡತಿ, ಮಗ, ಸಹೋದರ ಇಂಥವರು ಪ್ರತಿನಿಧಿಯಾಗಿ ಉಪವಾಸ ಮಾಡಬಹುದು ಎಂಬ ಅವಕಾಶವೂ ಇದೆ. 1612ರಲ್ಲಿ ಕಮಲಾಕರ ಭಟ್ಟರು ಬರೆದ ನಿರ್ಣಯಸಿಂಧು, 1790ರಲ್ಲಿ ಕಾಶೀನಾಥ ಉಪಾಧ್ಯಾಯರು ಬರೆದ ಧರ್ಮಸಿಂಧು ಇವತ್ತಿಗೂ ಪುರೋಹಿತರು ತೆರೆದು ನೋಡುವ ಗ್ರಂಥಗಳು. ಅವನ್ನು ಬರೆದವರು ಸಡಿಲ ಮನುಷ್ಯರಲ್ಲ, ಗಳಿಗೆ ಗಳಿಗೆ ಲೆಕ್ಕ ಹಾಕಿ ತಿಥಿ ನಿರ್ಣಯ ಮಾಡಿದವರು. ಅಂಥವರ ಗ್ರಂಥಗಳಲ್ಲೇ ಅಶಕ್ತರಿಗೆ ಪ್ರತ್ಯೇಕ ದಾರಿ ತೋರಿಸಿದ್ದಾರೆ.

ಒಂದು ಮಾತು ಸೇರಿಸಬೇಕು. ಏಕಾದಶಿಯ ವಿಷಯದಲ್ಲಿ ಕೆಲವು ಸಂಪ್ರದಾಯಗಳು, ಮುಖ್ಯವಾಗಿ ಮಾಧ್ವರಲ್ಲಿ, ಬಹಳ ಬಿಗಿಯಾಗಿವೆ. ಆ ಬಿಗಿಯನ್ನು ನಾನು ಹಗುರ ಮಾಡುತ್ತಿಲ್ಲ. ನಿಮ್ಮ ಮನೆತನ ಯಾವ ಮಠಕ್ಕೆ ಸೇರಿದ್ದೋ ಅಲ್ಲಿ ನಿಮ್ಮ ಕಾಯಿಲೆಯನ್ನು ಮುಚ್ಚಿಡದೆ ಹೇಳಿ ಕೇಳಿ. ವ್ರತ ಕೆಡಿಸದ ಎಂಟರಲ್ಲಿ ಗುರುವಿನ ಮಾತು ಕೂಡ ಒಂದು ಎಂಬುದನ್ನು ಮರೆಯಬೇಡಿ.

ಅಂಬರೀಷ ಕುಡಿದ ನೀರು

ಭಾಗವತದ ಒಂಬತ್ತನೆಯ ಸ್ಕಂಧದಲ್ಲಿ ಅಂಬರೀಷನ ಕಥೆ ಇದೆ. ದೂರ್ವಾಸರು ಶಾಪ ಕೊಡಲು ಹೋದದ್ದು, ಚಕ್ರ ಅವರನ್ನು ಬೆನ್ನಟ್ಟಿದ್ದು ಎಲ್ಲರಿಗೂ ನೆನಪಿರುತ್ತದೆ. ಅದಕ್ಕೆ ಮುಂಚಿನ ಗಳಿಗೆ ನಿಮ್ಮ ಪ್ರಶ್ನೆಗೆ ಹತ್ತಿರವಾದದ್ದು. ಅಂಬರೀಷ ಒಂದು ವರ್ಷದ ವ್ರತ ಮುಗಿಸಿ, ದ್ವಾದಶಿಯ ದಿನ ಪಾರಣೆಗೆ ಕೂರಬೇಕು. ಅಷ್ಟರಲ್ಲಿ ದೂರ್ವಾಸರು ಬಂದರು, ಊಟಕ್ಕೆ ಒಪ್ಪಿ ನದಿಗೆ ಸ್ನಾನಕ್ಕೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ. ದ್ವಾದಶಿ ಕಳೆಯುತ್ತಿದೆ. ಅತಿಥಿ ಉಣ್ಣುವ ಮೊದಲು ತಾನು ಉಂಡರೆ ಒಂದು ದೋಷ, ದ್ವಾದಶಿಯೊಳಗೆ ಪಾರಣೆ ಮಾಡದಿದ್ದರೆ ಇನ್ನೊಂದು ದೋಷ. ಬಲ್ಲವರನ್ನು ಕೇಳಿದ. ನೀರು ಕುಡಿದರೆ ಉಂಡಂತೆಯೂ ಆಗುತ್ತದೆ, ಉಣ್ಣದಂತೆಯೂ ಆಗುತ್ತದೆ ಎಂಬ ದಾರಿ ಸಿಕ್ಕಿತು. ಕುಡಿದ.

ಇಲ್ಲಿ ಗಮನಿಸಬೇಕಾದ್ದು ಎರಡು. ಒಂದು, ಸರಿಯಾದ ಹೊತ್ತಿಗೆ ಉಪವಾಸ ಬಿಡುವುದೂ ವ್ರತದ ಅಂಗವೇ. ಹಸಿದಿರುವುದು ಎಷ್ಟು ಪುಣ್ಯವೋ ಹೊತ್ತಿಗೆ ಉಣ್ಣುವುದೂ ಅಷ್ಟೇ ಪುಣ್ಯ. ಇನ್ನೂ ನಾಲ್ಕು ಗಂಟೆ ಜಾಸ್ತಿ ಹಸಿದಿದ್ದರೆ ಇನ್ನೂ ನಾಲ್ಕು ಪಾಲು ಫಲ ಎಂಬ ಲೆಕ್ಕ ಶಾಸ್ತ್ರದಲ್ಲಿಲ್ಲ. ಎರಡು, ಎರಡು ಧರ್ಮಗಳು ಎದುರಾದಾಗ ಅಂಬರೀಷ ಹಠ ಹಿಡಿಯಲಿಲ್ಲ, ಎರಡನ್ನೂ ಉಳಿಸುವ ದಾರಿ ಹುಡುಕಿದ. ನಿಮ್ಮ ಮುಂದೆಯೂ ಎರಡು ಧರ್ಮಗಳಿವೆ, ವ್ರತ ಮತ್ತು ದೇಹರಕ್ಷಣೆ. ಒಂದನ್ನು ಕೊಂದು ಇನ್ನೊಂದನ್ನು ಉಳಿಸುವ ಅಗತ್ಯ ಇಲ್ಲ.

ಹಾಗಾದರೆ ತಪಸ್ಸು?

ನಿಮ್ಮ ಓರಗಿತ್ತಿಯವರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅದರಲ್ಲಿ ಒಂದು ಸತ್ಯ ಇದೆ. ಕಷ್ಟವೇ ಇಲ್ಲದ ವ್ರತ ವ್ರತವೇ? ಪಾರ್ವತಿ ಉದುರಿದ ಎಲೆಯನ್ನೂ ತಿನ್ನದೆ ತಪಸ್ಸು ಮಾಡಿದ್ದಕ್ಕೇ ಅಪರ್ಣೆ ಎಂಬ ಹೆಸರು ಬಂತು ಎನ್ನುತ್ತೇವಲ್ಲ?

ಕಾಳಿದಾಸನ ಕುಮಾರಸಂಭವದ ಐದನೆಯ ಸರ್ಗದಲ್ಲಿ ಅದೇ ತಪಸ್ಸಿನ ಜಾಗಕ್ಕೆ ಶಿವನೇ ಬ್ರಹ್ಮಚಾರಿಯ ವೇಷದಲ್ಲಿ ಬರುತ್ತಾನೆ. ಬಂದವನು ಕುಶಲ ವಿಚಾರಿಸುತ್ತಾನೆ. ಸಮಿತ್ತು, ದರ್ಭೆ ಸಿಗುತ್ತವೆಯೇ, ಸ್ನಾನಕ್ಕೆ ನೀರಿದೆಯೇ ಎಂದು ಕೇಳಿ, ನಿನ್ನ ಶಕ್ತಿಗೆ ತಕ್ಕಂತೆ ತಪಸ್ಸು ಮಾಡುತ್ತಿದ್ದೀಯಾ ತಾನೆ ಎಂದು ಕೇಳುತ್ತಾನೆ. ಧರ್ಮವನ್ನು ಸಾಧಿಸುವುದಕ್ಕೆ ಶರೀರವೇ ಮೊದಲ ಸಾಧನ ಎಂಬ ಪ್ರಸಿದ್ಧ ಮಾತು ಬರುವುದು ಅಲ್ಲೇ. ಆಸ್ಪತ್ರೆಯ ಗೋಡೆಯ ಮೇಲೆ, ವ್ಯಾಯಾಮಶಾಲೆಯ ಬಾಗಿಲ ಮೇಲೆ ನಾವು ಓದುವ ಆ ಮಾತು ಹುಟ್ಟಿದ್ದು ತಪಸ್ಸಿನ ನಡುವೆ, ಅದನ್ನು ಹೇಳಿದವನು ತಪಸ್ಸಿನ ಫಲ ಕೊಡಬೇಕಾದವನು. ಯಾರಿಗಾಗಿ ನಾವು ಉಪವಾಸವಿರುತ್ತೇವೋ ಅವನ ಮೊದಲ ಪ್ರಶ್ನೆಗಳಲ್ಲೇ ಒಂದು "ಮೈಗೆ ತಡೆಯುತ್ತದೆಯೇ?" ಎಂಬುದು.

ಗೀತೆಯಲ್ಲೂ ಅದೇ ತೂಕ. ಆರನೆಯ ಅಧ್ಯಾಯದಲ್ಲಿ ಅತಿಯಾಗಿ ತಿನ್ನುವವನಿಗೂ ಯೋಗವಿಲ್ಲ, ಏನೂ ತಿನ್ನದವನಿಗೂ ಯೋಗವಿಲ್ಲ ಎಂದು ಕೃಷ್ಣ ಹೇಳುತ್ತಾನೆ, ನಿದ್ದೆಗೂ ಹಾಗೇ ಮಿತಿ ಹೇಳುತ್ತಾನೆ. ಹದಿನೇಳನೆಯ ಅಧ್ಯಾಯದಲ್ಲಿ ಶಾಸ್ತ್ರ ಹೇಳದ ಘೋರ ತಪಸ್ಸನ್ನು ಡಂಭದಿಂದ ಮಾಡಿ ಶರೀರವನ್ನು ಸೊರಗಿಸುವವರು ಒಳಗಿರುವ ತನ್ನನ್ನೇ ಸೊರಗಿಸುತ್ತಾರೆ ಎನ್ನುತ್ತಾನೆ.

ಹಾಗಾಗಿ ಎರಡನ್ನು ಬೇರೆ ಮಾಡಿ ನೋಡಿ: ಕಷ್ಟ ಬೇರೆ, ಹಾನಿ ಬೇರೆ. ಹನ್ನೊಂದು ಗಂಟೆಗೆ ಹೊಟ್ಟೆ ಚುರುಗುಟ್ಟುವುದು ಕಷ್ಟ. ಕಾಫಿ ಇಲ್ಲದೆ ತಲೆ ಹಿಡಿಯುವುದು ಕಷ್ಟ. ಅದನ್ನು ತಡೆದುಕೊಂಡರೆ ಮನಸ್ಸು ಗಟ್ಟಿಯಾಗುತ್ತದೆ, ವ್ರತ ಬೇಡುವುದು ಅದನ್ನೇ. ಸಕ್ಕರೆ 52ಕ್ಕೆ ಇಳಿದು ಎಚ್ಚರ ತಪ್ಪುವುದು ಹಾನಿ. ಅಲ್ಲಿ ಮನಸ್ಸು ಗಟ್ಟಿಯಾಗಲು ಮನಸ್ಸೇ ಇರುವುದಿಲ್ಲ. ಕುಸಿದ ಮೇಲೆ ಕಥೆಯೂ ಇಲ್ಲ, ಆರತಿಯೂ ಇಲ್ಲ, ಮನೆಮಂದಿಯೆಲ್ಲ ಆಸ್ಪತ್ರೆಗೆ ಓಡುತ್ತಾರೆ, ದೇವಿ ಒಬ್ಬಳೇ ಮಂಟಪದಲ್ಲಿ ಉಳಿಯುತ್ತಾಳೆ. ಉಪವಾಸ ಎಂಬ ಪದದಲ್ಲೇ ಹತ್ತಿರ ವಾಸಿಸುವುದು ಎಂಬ ಅರ್ಥವಿದೆ. ಪಾಪದಿಂದ ಹಿಂದೆ ಸರಿದು ಸದ್ಗುಣಗಳ ಜೊತೆ ಇರುವುದೇ ಉಪವಾಸ, ಬರೀ ಮೈ ಒಣಗಿಸುವುದಲ್ಲ ಎಂದು ಹಿರಿಯರು ಅದನ್ನು ವಿವರಿಸಿದ್ದಾರೆ. ದೇವರ ಹತ್ತಿರ ಇರುವುದಕ್ಕೆ ಎಚ್ಚರ ಇರಬೇಕಲ್ಲವೇ?

ಇನ್ನು ನಿಮ್ಮ ಅತ್ತೆಯವರ ಮಾತು. ಅವರು ಎಪ್ಪತ್ತೆಂಟರ ತನಕ ಮಾಡಿದ್ದು ದೊಡ್ಡದು. ಅದು ಅವರ ಯಥಾಶಕ್ತಿ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು ನೀವು ಉಂಡರೂ ಉಣ್ಣದಿದ್ದರೂ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಅಂಥ ಮಾತ್ರೆ ಹೊಟ್ಟೆಯಲ್ಲಿರುವವರ ಹಸಿವೂ ಇಲ್ಲದವರ ಹಸಿವೂ ಒಂದೇ ಅಲ್ಲ. ಹಸಿವು ತಡೆಯುವ ಮನಸ್ಸು ನಿಮಗಿಲ್ಲ ಎಂದು ಯಾರೂ ಹೇಳಲಾರರು, ಇಷ್ಟು ವರ್ಷ ತಡೆದಿದ್ದೀರಿ. ತಡೆಯಲಾರದ್ದು ದೇಹ. ಇನ್ನೊಬ್ಬರ ಶಕ್ತಿಯನ್ನು ಅಳತೆಗೋಲು ಮಾಡಿಕೊಂಡು ಮಾಡುವುದಕ್ಕೆ ಯಥಾಶಕ್ತಿ ಎನ್ನುವುದಿಲ್ಲ.

ಯಥಾಶಕ್ತಿ ಎಂಬುದು ನೆಪವೂ ಆಗಬಾರದು. ಈ ಪದ ಎರಡೂ ಕಡೆ ಕೊಯ್ಯುತ್ತದೆ. ಮದುವೆ ಮನೆಯಲ್ಲಿ ಮೂರು ಗಂಟೆ ನಿಲ್ಲಲು ಆಗುತ್ತದೆ, ಅರ್ಧ ಗಂಟೆ ಪೂಜೆಗೆ ಕೂರಲು ಮಾತ್ರ ಮಂಡಿನೋವು ಎಂದರೆ ಅದೂ ಸುಳ್ಳು ಅಳತೆ. ಶಕ್ತಿಗಿಂತ ಹೆಚ್ಚು ಮಾಡುವುದು ಹೇಗೆ ತಪ್ಪೋ ಶಕ್ತಿಯಿದ್ದೂ ಕಡಿಮೆ ಮಾಡುವುದೂ ಹಾಗೇ ತಪ್ಪು. ತನ್ನ ಶಕ್ತಿ ಎಷ್ಟು ಎಂದು ದೇವರ ಮುಂದೆ ನಿಜ ಹೇಳುವುದೇ ಪೂಜೆಯ ಮೊದಲ ಭಾಗ.

ಭಯದ ವಿಷಯ

ವ್ರತ ಕೆಟ್ಟರೆ ಮನೆಗೆ ಏನಾದರೂ ಆದೀತು ಎಂಬ ಭಯವನ್ನು ಬರೆದಿದ್ದೀರಿ. ನೀವೇ ಓದುವ ಕಥೆಯನ್ನು ಈ ಸಲ ನಿಧಾನವಾಗಿ ಓದಿ. ಕುಂಡಿನ ನಗರದ ಚಾರುಮತಿ ಸುಮ್ಮನೆ ತನ್ನ ಪಾಡಿಗೆ ಮನೆಯವರನ್ನು ನೋಡಿಕೊಂಡು, ಮೃದು ಮಾತಾಡಿಕೊಂಡು ಇದ್ದವಳು. ಅವಳ ನಡತೆಗೆ ಮೆಚ್ಚಿ ಲಕ್ಷ್ಮಿ ಕನಸಿನಲ್ಲಿ ಬಂದಳು. ಅದಕ್ಕೆ ಮೊದಲು ಚಾರುಮತಿ ಈ ವ್ರತವನ್ನು ಒಮ್ಮೆಯೂ ಮಾಡಿರಲಿಲ್ಲ. ದೇವಿಯ ಮೆಚ್ಚಿಗೆ ಮೊದಲು ಬಂತು, ವ್ರತ ಆಮೇಲೆ ಬಂತು. ಹಾಗಿರುವಾಗ ನಾಲ್ಕು ಬಾಳೆಹಣ್ಣಿನ ಚೂರು ತಿಂದ ಕಾರಣಕ್ಕೆ ಅವಳು ಮನೆ ಬಿಟ್ಟು ಹೋಗುತ್ತಾಳೆ ಎಂದು ತಿಳಿಯುವುದು ಅವಳಿಗೇ ಮಾಡುವ ಅನ್ಯಾಯ. ಪೂಜೆಯ ಕೊನೆಗೆ ಮಂತ್ರಲೋಪ, ಕ್ರಿಯಾಲೋಪಗಳಿಗೆ ಕ್ಷಮೆ ಕೇಳುತ್ತೇವಲ್ಲ, ಅದು ನಮ್ಮಂಥ ಮನುಷ್ಯರಿಗೆಂದೇ ಇಟ್ಟದ್ದು.

ಆ ಕಥೆಯಲ್ಲಿ ಇನ್ನೊಂದು ವಿಷಯ ಇದೆ. ಚಾರುಮತಿ ಕನಸನ್ನು ಮನೆಯವರಿಗೆ ಹೇಳಿದಳು, ಊರ ಹೆಂಗಸರಿಗೆ ಹೇಳಿದಳು, ಎಲ್ಲರೂ ಸೇರಿ ವ್ರತ ಮಾಡಿದರು. ನಮ್ಮ ಪಟ್ಟಣದ ಮನೆಗಳಲ್ಲಿ ಈಗ ಆಗುತ್ತಿರುವುದು ಏನು? ಉಪವಾಸ ಇರುವವರೇ ನಾಲ್ಕು ಗಂಟೆಗೆ ಎದ್ದು, ತಲೆಗೆ ಎರೆದುಕೊಂಡು, ಒದ್ದೆ ಕೂದಲಲ್ಲೇ ಮಡಿಯಲ್ಲಿ ಹೋಳಿಗೆಗೆ ಹೂರಣ ರುಬ್ಬಿ, ಕಲಶಕ್ಕೆ ಸೀರೆ ಉಡಿಸಿ, ಇಪ್ಪತ್ತು ಜನಕ್ಕೆ ಅಡುಗೆ ಮಾಡಿ, ಸಂಜೆ ಅರಿಶಿನ ಕುಂಕುಮಕ್ಕೆ ಬಂದವರಿಗೆ ತಾಂಬೂಲ ಕೊಟ್ಟು, ರಾತ್ರಿ ಹತ್ತಕ್ಕೆ ಪಾತ್ರೆ ತೊಳೆಯುತ್ತಾರೆ. ಉಳಿದವರು ಫೋಟೋ ತೆಗೆಯುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಇಂಥ ಹಬ್ಬಕ್ಕೇ ಹೇಳಿದ ಹಾಗಿದೆ. ಸಂಕಲ್ಪ "ಸಕುಟುಂಬ"ದ ಹೆಸರಿನಲ್ಲಿ ಆಗುತ್ತದೆ, ಕೆಲಸ ಮಾತ್ರ ಒಬ್ಬರ ತಲೆ ಮೇಲೆ. ಈ ಪತ್ರಿಕೆ ಓದುವ ಗಂಡಂದಿರಿಗೂ ಮಕ್ಕಳಿಗೂ ಹೇಳುತ್ತೇನೆ: ಅಮ್ಮ ಉಪವಾಸ ಬಿಡಲಿ ಎಂದು ಗದರುವ ಮೊದಲು ಹಿಂದಿನ ದಿನ ಬೆಳ್ಳಿ ಪಾತ್ರೆ ನೀವು ತೊಳೆಯಿರಿ, ಹೂವು ಮಾವಿನ ಸೊಪ್ಪು ನೀವು ತನ್ನಿ, ತೆಂಗಿನಕಾಯಿ ನೀವು ತುರಿಯಿರಿ. ದೇಹ ನೋಡಿಕೊ ಎಂದು ಬಾಯಲ್ಲಿ ಹೇಳಿ ಕೆಲಸವನ್ನು ಅವರಿಗೇ ಬಿಟ್ಟರೆ ಅದು ಕಾಳಜಿ ಅಲ್ಲ. ನಿಮ್ಮ ಮಗನಿಗೆ ಅಮ್ಮನ ಬದಲು ಒಂದು ಹೊತ್ತು ಉಪವಾಸ ಇರುವ ಮನಸ್ಸಿದ್ದರೆ ಶಾಸ್ತ್ರ ಅದಕ್ಕೂ ಬಾಗಿಲು ತೆರೆದಿದೆ ಎಂದು ಆಗಲೇ ಹೇಳಿದೆ.

ಈ ವರ್ಷ ಹೀಗೆ ಮಾಡಿ

ಹಬ್ಬಕ್ಕೆ ಹದಿನೈದು ದಿನ ಮೊದಲೇ ಪಂಚಾಂಗ ಹಿಡಿದುಕೊಂಡು ನಿಮ್ಮ ವೈದ್ಯರ ಹತ್ತಿರ ಹೋಗಿ. ವರಮಹಾಲಕ್ಷ್ಮಿ, ಗೌರಿ, ಗಣೇಶ, ಅನಂತನ ಚತುರ್ದಶಿ, ನವರಾತ್ರಿ, ಏಕಾದಶಿಗಳು ಹೀಗೆ ಯಾವ ದಿನ ಊಟ ತಡವಾಗುತ್ತದೆ ಎಂದು ಗುರುತು ಮಾಡಿ ತೋರಿಸಿ. ಯಾವ ಮಾತ್ರೆ ಆ ದಿನ ಕಡಿಮೆ ಮಾಡಬೇಕು, ಯಾವುದನ್ನು ಊಟದ ಹೊತ್ತಿಗೆ ಸರಿಸಬೇಕು, ಯಾವುದನ್ನು ಬಿಡಲೇಬಾರದು ಎಂದು ಅವರೇ ಹೇಳಲಿ. ನೀವಾಗಿ ಮಾತ್ರೆ ಬಿಡಬೇಡಿ, ಬರೀ ಹೊಟ್ಟೆಯಲ್ಲಿ ನುಂಗಿ ಕೂರಲೂ ಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆ ಇರುವವರು, ಬಸುರಿ ಬಾಣಂತಿಯರು ಉಪವಾಸದ ಯೋಚನೆಯನ್ನೇ ಬಿಟ್ಟು ಪೂಜೆ ಮಾಡಲಿ.

ಪೂಜೆಯನ್ನು ಬೆಳಿಗ್ಗೆಯೇ ಮುಗಿಸಿ. ನೈವೇದ್ಯಕ್ಕೆ ಹನ್ನೆರಡು ಬಗೆ ಆಗಲೇಬೇಕು ಎಂದು ಕಾಯುವುದರಿಂದಲೇ ಹನ್ನೊಂದೂವರೆ ಆಗುವುದು. ಹಾಲು, ಹಣ್ಣು, ಒಂದು ಸಿಹಿ ಇಟ್ಟರೂ ನೈವೇದ್ಯವೇ. ಅಡುಗೆ ಆಮೇಲೆ ನಿಧಾನವಾಗಿ ಆಗಲಿ. ಸಂಜೆ ಪೂಜೆಯ ಪದ್ಧತಿ ನಿಮ್ಮದಾದರೆ ಹಗಲು ಒಮ್ಮೆ ಹಿತಮಿತವಾಗಿ ಉಂಡೇ ಪೂಜೆಗೆ ಕೂರಿ. ಪೂಜೆಗೆ ಮೊದಲು ಒಂದು ಲೋಟ ಹಾಲು, ಒಂದೆರಡು ಹೋಳು ಹಣ್ಣು ತೆಗೆದುಕೊಳ್ಳುವುದಕ್ಕೆ ಅಡ್ಡಿ ಇಲ್ಲ. ನೀರನ್ನಂತೂ ಬಿಡಬೇಡಿ. ಸಂಕಲ್ಪ ಮಾಡುವಾಗಲೇ ಮನಸ್ಸಿನಲ್ಲಿ "ಇವತ್ತು ನನ್ನಿಂದ ಇಷ್ಟು" ಎಂದು ನಿಶ್ಚಯಿಸಿ, ಮನೆಯವರಿಗೂ ಹೇಳಿ. ಆಗ ತಿಂದದ್ದು ಕದ್ದು ತಿಂದದ್ದಾಗುವುದಿಲ್ಲ.

ಫಲಾಹಾರದ ಹೆಸರಿನಲ್ಲಿ ನಡೆಯುವುದನ್ನೂ ನೋಡಿಕೊಳ್ಳಿ. ಊಟ ಬಿಟ್ಟು ಸಬ್ಬಕ್ಕಿ ಖಿಚಡಿ, ಆಲೂಗಡ್ಡೆ ಪಲ್ಯ, ಅವಲಕ್ಕಿ, ಸಜ್ಜಿಗೆ ಎಂದು ಎರಡು ತಟ್ಟೆ ತಿಂದರೆ ಹೊಟ್ಟೆಗೆ ಉಪವಾಸವೂ ಇಲ್ಲ, ಸಕ್ಕರೆಗೆ ಹಿಡಿತವೂ ಇಲ್ಲ. ಸಬ್ಬಕ್ಕಿ ಬಹುಪಾಲು ಬರೀ ಪಿಷ್ಟ. ಅದಕ್ಕಿಂತ ಹೆಸರುಬೇಳೆ ಕೋಸಂಬರಿ, ಮಜ್ಜಿಗೆ, ಒಂದು ಹಿಡಿ ಕಡಲೆಕಾಯಿ ಬೀಜ ನಿಮ್ಮಂಥವರಿಗೆ ವಾಸಿ. ದ್ವಾದಶಿ ಪಾರಣೆಗೆ ಅಗಸೆ ಸೊಪ್ಪು, ನೆಲ್ಲಿಕಾಯಿ ಮಾಡುವ ಪದ್ಧತಿ ಹಲವು ಮನೆಗಳಲ್ಲಿ ಉಂಟು. ಉಪವಾಸದ ಮಾರನೆಯ ದಿನ ಹೊಟ್ಟೆಗೆ ಏನು ಕೊಡಬೇಕು ಎಂದು ಹಿರಿಯರು ಯೋಚಿಸಿದ್ದರು.

ಕೈ ನಡುಕ, ಬೆವರು, ಎದೆ ಹೊಡೆದುಕೊಳ್ಳುವುದು, ಕಣ್ಣು ಮಂಜಾಗುವುದು ಶುರುವಾದರೆ ಮಂಗಳಾರತಿ ತನಕ ತಡೆಯೋಣ ಎನ್ನಬೇಡಿ. ಬೆರಳು ಚುಚ್ಚಿ ನೋಡುವ ಯಂತ್ರ ಮನೆಯಲ್ಲಿದ್ದರೆ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ತಕ್ಷಣ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಸರಿಹೋದ ಮೇಲೆ ಏನಾದರೂ ಊಟ ಮಾಡಿ. ಯಂತ್ರ ಇಲ್ಲದಿದ್ದರೆ ಲಕ್ಷಣವೇ ಸಾಕು, ಕಾಯಬೇಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಸುರಿಯಬಾರದು, ಆಸ್ಪತ್ರೆಗೆ ಕರೆದೊಯ್ಯಬೇಕು ಎಂಬುದು ಮನೆಯವರಿಗೆ ಗೊತ್ತಿರಲಿ. ಬೆರಳಲ್ಲಿ ರಕ್ತ ಬಂದರೆ ಮಡಿ ಹೋಗುತ್ತದೆಯೇ ಎಂದು ಒಬ್ಬರು ಹಿಂದೆ ಕೇಳಿದ್ದರು. ಕೈ ತೊಳೆದು ಆಚಮನ ಮಾಡಿ ಪೂಜೆ ಮುಂದುವರಿಸಿ.

ಪ್ರಸಾದದ ಮುಲಾಜು ಇನ್ನೊಂದು. ಹತ್ತು ಮನೆಗೆ ಅರಿಶಿನ ಕುಂಕುಮಕ್ಕೆ ಹೋದರೆ ಹತ್ತು ಕಡೆ ಸಿಹಿ. ಪ್ರಸಾದ ಬೇಡ ಎನ್ನಬಾರದು, ನಿಜ. ಆದರೆ ಪ್ರಸಾದಕ್ಕೆ ತೂಕ ಇಲ್ಲ. ಕಣ್ಣಿಗೆ ಒತ್ತಿಕೊಂಡು ಒಂದು ಕಾಳಿನಷ್ಟು ಬಾಯಿಗೆ ಹಾಕಿಕೊಂಡರೆ ಅದು ಪೂರ್ಣ ಪ್ರಸಾದವೇ. ಉಳಿದದ್ದನ್ನು ಮನೆಗೆ ತಂದು ಮಕ್ಕಳಿಗೆ ಕೊಡಿ. ಕೊಡುವವರಿಗೂ ಒಂದು ಮಾತು: "ಇವತ್ತೊಂದು ದಿನ ಏನೂ ಆಗಲ್ಲ, ತಿನ್ನಿ" ಎಂದು ಒತ್ತಾಯ ಮಾಡುವುದು ಉಪಚಾರವಲ್ಲ.

ಪೂರ್ಣ ಉಪವಾಸ ಬಿಟ್ಟದ್ದಕ್ಕೆ ಮನಸ್ಸಿಗೆ ಏನೋ ಖಾಲಿ ಎನಿಸಿದರೆ ಬೇರೊಂದನ್ನು ಬಿಡಿ. ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ಶಾಕ, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ದ್ವಿದಳ ಧಾನ್ಯ ಬಿಡುವ ಕ್ರಮ ಇದೆಯಲ್ಲ, ಅಲ್ಲಿ ಹೊಟ್ಟೆ ಖಾಲಿ ಇಡದೆಯೇ ನಾಲಿಗೆಯನ್ನು ಹಿಡಿಯುತ್ತಾರೆ. ಆ ದಾರಿಯಲ್ಲಿ ನಿಮಗೆ ಒಗ್ಗುವ ಒಂದನ್ನು ಆರಿಸಿಕೊಳ್ಳಿ. ನಾಲ್ಕು ತಿಂಗಳು ಕರಿದದ್ದನ್ನು ಬಿಡಬಹುದು. ಶುಕ್ರವಾರ ಒಂದು ಗಂಟೆ ಮೌನವಾಗಿರಬಹುದು. ನೀವು ಬಿಟ್ಟ ಒಂದು ಹೊತ್ತಿನ ಊಟವನ್ನು ಹಸಿದವರಿಗೆ ಕೊಡಬಹುದು. ಇವೆಲ್ಲ ಕಷ್ಟವೇ, ಹಾನಿ ಯಾವುದೂ ಅಲ್ಲ.

ಮುಂದೆ ದೀಪಾವಳಿ ಬರುತ್ತದೆ. ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆ ತೊಳೆದು, ಹೂವು ಮುಡಿಸಿ, ಸ್ನಾನದ ನೀರಿಗೇ ಪೂಜೆ ಮಾಡುತ್ತೇವೆ. ನರಕ ಚತುರ್ದಶಿಯ ಬೆಳಗಿನ ಜಾವ ಹಿರಿಯರು ನೆತ್ತಿಗೆ ಎಣ್ಣೆ ಒತ್ತುತ್ತಾರೆ. ಅಲ್ಲಿ ದೇಹದ ಆರೈಕೆಯೇ ಹಬ್ಬದ ವಿಧಿ. ದೇಹ ಬರೀ ಮೋಹದ ವಸ್ತುವಾಗಿದ್ದರೆ ಅದಕ್ಕೊಂದು ತಿಥಿ ಗೊತ್ತು ಮಾಡಿ, ಮಂಗಳಸ್ನಾನ ಎಂದು ಹೆಸರಿಡುತ್ತಿದ್ದರೇ? ಆ ಅಭ್ಯಂಗವನ್ನೂ ಎಲ್ಲರಿಗೂ ಎನ್ನದೆ, ಅಜೀರ್ಣವಾದವರಿಗೆ, ಕಫದ ಕಾಯಿಲೆ ಇದ್ದವರಿಗೆ ಬೇಡ ಎಂದು ವಾಗ್ಭಟರ ಅಷ್ಟಾಂಗಹೃದಯದಲ್ಲಿ ಹೇಳಿದೆ. ಎಲ್ಲಿ ನೋಡಿದರೂ ಅದೇ ಮಾತು, ಅವರವರ ಶಕ್ತಿ ನೋಡಿ ಮಾಡು ಎಂಬುದು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಓರಗಿತ್ತಿಯವರ ಜೊತೆ ವಾದ ಬೇಡ. ಅವರಿಗೆ ಶಕ್ತಿ ಇದ್ದರೆ ಪೂರ್ಣ ಉಪವಾಸ ಮಾಡಲಿ, ನೀವು ಮನಸ್ಸು ತುಂಬಿ ನಮಸ್ಕಾರ ಮಾಡಿ. ಅವರ ಪಕ್ಕದಲ್ಲೇ ಕೂತು ಕಥೆ ಓದಿ, ಒಂಬತ್ತು ಗಂಟಿನ ದಾರವನ್ನು ಅವರ ಕೈಗೆ ನೀವು ಕಟ್ಟಿ, ನಿಮ್ಮ ಕೈಗೆ ಅವರು ಕಟ್ಟಲಿ.

ನಿಮ್ಮ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಬೇಕೆಂದರೆ ಇದು. ದೇವರಿಗೆ ಅರ್ಪಿಸಬೇಕಾದ ಎಂಟು ಮಾನಸ ಪುಷ್ಪಗಳನ್ನು ಹಿರಿಯರು ಎಣಿಸಿದ್ದಾರೆ. ಅದರಲ್ಲಿ ಮೊದಲ ಹೂವು ಅಹಿಂಸೆ, ಇಂದ್ರಿಯನಿಗ್ರಹ ಎರಡನೆಯದು. ನಿಗ್ರಹಕ್ಕಿಂತ ಮೊದಲು ಅಹಿಂಸೆಯನ್ನು ಇಟ್ಟಿದ್ದಾರೆ, ಕೊನೆಯ ಹೂವು ಸತ್ಯ. ಅಹಿಂಸೆಯ ಲೆಕ್ಕದಲ್ಲಿ ನಿಮ್ಮ ದೇಹವೂ ಒಂದು ಜೀವವೇ, ಅದನ್ನು ಹೊರಗಿಟ್ಟು ಎಣಿಸುವ ಹಾಗಿಲ್ಲ. ಅದನ್ನು ನೋಯಿಸದೆ, ಅದರ ಶಕ್ತಿಯ ಬಗ್ಗೆ ಸುಳ್ಳು ಹೇಳದೆ ಮಾಡಿದ ಪೂಜೆಯಲ್ಲಿ ಮೊದಲ ಹೂವೂ ಕೊನೆಯ ಹೂವೂ ಸೇರಿರುತ್ತವೆ. ನಿಶ್ಚಿಂತೆಯಿಂದ ಹಬ್ಬ ಮಾಡಿ. ನೀವು ಸಂಕಲ್ಪದಲ್ಲಿ ಕೇಳುವ ಆಯುಸ್ಸು, ಆರೋಗ್ಯ, ಐಶ್ವರ್ಯಗಳನ್ನು ಆ ತಾಯಿ ನಿಮಗೂ ನಿಮ್ಮ ಮನೆಯವರೆಲ್ಲರಿಗೂ ಕೊಡಲಿ.